ಲೈಪೇಸ್ ಅಂಕಿ ನೋಡಿ ಹೆದರಬೇಡಿ, ರೋಗಿಯನ್ನು ನೋಡಿ

ಮೇಲ್ಹೊಟ್ಟೆಯಲ್ಲಿ ತಡೆಯಲಾಗದ ನೋವು, ಅದು ಬೆನ್ನಿಗೂ ಹರಡುತ್ತದೆ, ಜೊತೆಗೆ ನಿಲ್ಲದ ವಾಂತಿ. ಗ್ಯಾಸ್ ಇರಬೇಕೆಂದು ಓಮದ ನೀರು ಕುಡಿಸುತ್ತಾ ಇಡೀ ರಾತ್ರಿ ಕಳೆಯುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಮೇದೋಜೀರಕ ಗ್ರಂಥಿಯ ದಿಢೀರ್ ಉರಿಯೂತ, ಅಂದರೆ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್, ಹೀಗೆಯೇ ಶುರುವಾಗುತ್ತದೆ. ಯುನಾನಿ ವೈದ್ಯನಾಗಿ ನೇರವಾಗಿ ಹೇಳುತ್ತೇನೆ: ಇದು ಮಾಜೂನು, ಅರ್ಕ್‌ಗಳಿಂದ ವಾಸಿಯಾಗುವ ಕಾಯಿಲೆಯಲ್ಲ. ಆಸ್ಪತ್ರೆಗೇ ಹೋಗಬೇಕು.

ಹೆಸರು ಕೇಳಿದೊಡನೆ "ಇದು ಕುಡುಕರ ಕಾಯಿಲೆಯಲ್ಲವೇ?" ಎಂದು ನಾಚಿಕೆಪಡುವವರಿದ್ದಾರೆ. ಮದ್ಯ ಒಂದು ಕಾರಣ, ನಿಜ. ಆದರೆ ಪಿತ್ತಕೋಶದ ಕಲ್ಲೂ ಅಷ್ಟೇ ದೊಡ್ಡ ಕಾರಣ. ಮದ್ಯದ ವಾಸನೆಯನ್ನೂ ಕಾಣದ ಗೃಹಿಣಿಗೆ ಇದು ಬಂದರೆ ನೆಂಟರಿಂದ ಮುಚ್ಚಿಡುವಂಥದ್ದೇನೂ ಇಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ರಕ್ತಪರೀಕ್ಷೆಯ ವರದಿ ಬಂದ ಕೂಡಲೇ ಅದರ ಫೋಟೋ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. "ಲೈಪೇಸ್ 2000 ಇದೆಯಂತೆ, ಬದುಕುತ್ತಾರಾ?" ಲೈಪೇಸ್ ಸಾಮಾನ್ಯ ಮಿತಿಯ 3 ಪಟ್ಟು ದಾಟಿದ್ದರೆ ಕಾಯಿಲೆ ಯಾವುದೆಂದು ಗುರುತಿಸಲು ನೆರವಾಗುತ್ತದೆ, ಅಷ್ಟೆ. ಅದು ಎಷ್ಟು ತೀವ್ರ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. 2000 ಇದ್ದವರು ವಾರದೊಳಗೆ ಮನೆಗೆ ಬರಬಹುದು, 500 ಇದ್ದವರು ಐಸಿಯು ಸೇರಬಹುದು. ಅದನ್ನು ದಿನಾ ಮಾಡಿಸಿ ಹಣ ಕಳೆಯುವುದರಲ್ಲೂ ಅರ್ಥವಿಲ್ಲ.

ಹಾಗಾದರೆ ಯಾವುದು ಹೇಳುತ್ತದೆ? 1974ರಲ್ಲಿ ರ‍್ಯಾನ್ಸನ್ ಎಂಬ ಶಸ್ತ್ರವೈದ್ಯರು 11 ಅಂಶಗಳ ಪಟ್ಟಿ ಮಾಡಿದರು; ಅದು ಪೂರ್ತಿಯಾಗಲು 48 ಗಂಟೆ ಬೇಕು. 2008ರಲ್ಲಿ ಬಂದ ಬೈಸ್ಯಾಪ್ ಎಂಬ ಲೆಕ್ಕದಲ್ಲಿ ಇರುವುದು ಐದೇ ಅಂಶ. ಯೂರಿಯಾ ಪರೀಕ್ಷೆ ಮತ್ತು ಶ್ವಾಸಕೋಶದ ಸುತ್ತ ನೀರಿದೆಯೇ ಎಂದು ನೋಡುವ ಎಕ್ಸ್‌ರೇ ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಮಂಚದ ಪಕ್ಕದಲ್ಲೇ ಕಾಣುವಂಥದ್ದು: ವಯಸ್ಸು 60 ದಾಟಿದೆಯೇ, ಮಾತು ತೊದಲುತ್ತಿದೆಯೇ ಅಥವಾ ಮಂಕು ಕವಿದಿದೆಯೇ, ಮೈಯೆಲ್ಲ ಉರಿಯೂತದ ಲಕ್ಷಣ ತೋರುತ್ತಿದೆಯೇ. ಈ ಕೊನೆಯದನ್ನು ಅಳೆಯುವುದು ಬಿಳಿರಕ್ತಕಣಗಳ ಎಣಿಕೆಯ ಜೊತೆಗೆ ನಾಡಿ, ಉಸಿರು, ಜ್ವರಗಳಿಂದ. ನಾಡಿ ನಿಮಿಷಕ್ಕೆ 90ಕ್ಕಿಂತ ಹೆಚ್ಚು, ಉಸಿರು 20ಕ್ಕಿಂತ ಹೆಚ್ಚು, ಜ್ವರ 38 ಡಿಗ್ರಿ ಸೆಲ್ಸಿಯಸ್ ಮೀರಿದ್ದು ಅಥವಾ ಮೈ 36ಕ್ಕಿಂತ ತಣ್ಣಗಾದದ್ದು. ಇವುಗಳಲ್ಲಿ ಎರಡು ಸೇರಿ 48 ಗಂಟೆ ಕಳೆದರೂ ಇಳಿಯದಿದ್ದರೆ ಅಪಾಯ ಹೆಚ್ಚು.

ರೋಗಿಯ ಬಳಿ ಕೂರುವವರು ಗಡಿಯಾರ ಹಿಡಿದು ಉಸಿರು ಎಣಿಸಬಹುದು. ಮೂತ್ರದ ಚೀಲವನ್ನೂ ನೋಡಬಹುದು. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರ್ ಆದರೂ ಬರುತ್ತಿರಬೇಕು. ನೋವಿಗೆ ನರಳುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾಗಿ, ಕರೆದರೆ ಸರಿಯಾಗಿ ಉತ್ತರಿಸದಿದ್ದರೆ "ಪಾಪ, ನಿದ್ದೆ ಬಂತು" ಎಂದುಕೊಳ್ಳದೆ ನರ್ಸನ್ನು ಎಬ್ಬಿಸಿ. ಹೊಕ್ಕುಳ ಸುತ್ತ ನೀಲಿಗಟ್ಟುವುದು ಪುಸ್ತಕಗಳಲ್ಲಿ ಪ್ರಸಿದ್ಧ. ಆದರೆ ಅದು ಅಪರೂಪ, ಬಂದರೂ ತಡವಾಗಿ ಬರುತ್ತದೆ. ಅದಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ನಬ್ಜ್ ನೋಡುವುದು ನಮ್ಮ ಪದ್ಧತಿಯ ಹೆಮ್ಮೆ. ಆದರೂ ಇಲ್ಲಿ ನಾಡಿಯೊಂದನ್ನೇ ನಂಬಬೇಡಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ನಾಡಿಯನ್ನು ನಿಧಾನವಾಗಿಯೇ ಇಡುತ್ತವೆ, ಒಳಗೆ ಪರಿಸ್ಥಿತಿ ಕೆಡುತ್ತಿದ್ದರೂ. ಆದ್ದರಿಂದ ಮನೆಯಲ್ಲಿ ನುಂಗುತ್ತಿದ್ದ ಮಾತ್ರೆಗಳ ಚೀಲವನ್ನೂ ಆಸ್ಪತ್ರೆಗೆ ಒಯ್ಯಿರಿ, ಹಕೀಮರು ಕೊಟ್ಟ ಪುಡಿಗಳ ಸಮೇತ.