ಪ್ರೊಸ್ಟೇಟ್ ಚಿಕಿತ್ಸೆಯಾದರೂ ರಾತ್ರಿ ಏಳುವುದೇಕೆ?

ನಿಮ್ಮ ಪತಿಗೋ ತಂದೆಗೋ ಪ್ರೊಸ್ಟೇಟ್ ಆಪರೇಷನ್ ಆಗಿದೆ. ಮೂತ್ರ ಈಗ ಸರಾಗವಾಗಿ ಹೋಗುತ್ತಿದೆ. ಆದರೆ ರಾತ್ರಿ ಮೂರು ನಾಲ್ಕು ಸಲ ಏಳುವುದು ಮಾತ್ರ ನಿಂತಿಲ್ಲ. ಅವರು ಎದ್ದಾಗಲೆಲ್ಲ ನಿಮಗೂ ಎಚ್ಚರ. ಅಷ್ಟೊಂದು ಹಣ ಖರ್ಚು ಮಾಡಿದ್ದು ವ್ಯರ್ಥವಾಯಿತೇ ಎಂಬ ಚಿಂತೆ ಬೇರೆ.

ವ್ಯರ್ಥವಾಗಿಲ್ಲ. ದೊಡ್ಡದಾದ ಪ್ರೊಸ್ಟೇಟ್ ಗ್ರಂಥಿಯು ಮೂತ್ರದ ದಾರಿಯನ್ನು ಇಕ್ಕಟ್ಟುಗೊಳಿಸುತ್ತದೆ. ಟಾಮ್ಸುಲೋಸಿನ್‌ನಂತಹ ಮಾತ್ರೆಗಳಾಗಲಿ, ಆಪರೇಷನ್ ಆಗಲಿ ಆ ದಾರಿಯನ್ನು ಸುಗಮಗೊಳಿಸುತ್ತವೆ. ಆದರೆ ಮೂತ್ರಪಿಂಡಗಳೇ ರಾತ್ರಿ ಹೆಚ್ಚು ಮೂತ್ರ ತಯಾರಿಸುತ್ತಿದ್ದರೆ ದಾರಿ ಅಗಲವಾಗಿ ಏನು ಪ್ರಯೋಜನ? ಚಿಕಿತ್ಸೆಯ ನಂತರ ಎಲ್ಲಕ್ಕಿಂತ ಕಡಿಮೆ ಸುಧಾರಿಸುವ ತೊಂದರೆ ಇದೇ.

ಕಾರಣ ತಿಳಿಯಲು ಒಂದು ಅಳತೆಯ ಪಾತ್ರೆ, ಒಂದು ನೋಟ್ ಪುಸ್ತಕ ಸಾಕು. ಮೂರು ದಿನ ಪ್ರತಿ ಸಲದ ಮೂತ್ರವನ್ನು ಅಳೆದು, ಸಮಯ ಸಹಿತ ಬರೆದಿಡಲು ಹೇಳಿ. ನಾಚಿಕೆಪಟ್ಟುಕೊಳ್ಳುತ್ತಾರೆ, ಒತ್ತಾಯಿಸಿ. ಮಲಗಿದ ನಂತರದ್ದನ್ನೂ ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರವನ್ನೂ ಕೂಡಿಸಿ. ದಿನಕ್ಕೆ ಒಟ್ಟು 1,500 ಮಿ.ಲೀ. ಇದ್ದು ರಾತ್ರಿಯದ್ದೇ 700 ಬಂದರೆ, ಅದು ಮೂರನೇ ಒಂದು ಪಾಲಿಗಿಂತ ಹೆಚ್ಚಾಯಿತು. ಆಗ ದೋಷ ಪ್ರೊಸ್ಟೇಟ್‌ನದ್ದು ಮಾತ್ರವಲ್ಲ. ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಹೋಗುತ್ತಿದ್ದರೆ ಮೂತ್ರಕೋಶವನ್ನು ಪರೀಕ್ಷಿಸಬೇಕು. ಈ ಲೆಕ್ಕವನ್ನು ವೈದ್ಯರಿಗೆ ತೋರಿಸಿ, ಅರ್ಧ ರೋಗನಿದಾನ ಅದರಲ್ಲೇ ಇರುತ್ತದೆ. ರಮಝಾನ್‌ನಲ್ಲಿ ಮಾತ್ರ ಅಳೆಯಬೇಡಿ. ಕುಡಿಯುವುದೆಲ್ಲ ರಾತ್ರಿಯೇ ಆದ್ದರಿಂದ ಲೆಕ್ಕ ತಪ್ಪುತ್ತದೆ.

ಸಂಜೆ ಅವರ ಕಾಲನ್ನು ಒತ್ತಿ ನೋಡಿ. ಗುಳಿ ಬೀಳುತ್ತದೆಯೇ? ಹಗಲಿಡೀ ಕಾಲಲ್ಲಿ ನಿಂತ ನೀರು, ಮಲಗಿದ ಕೂಡಲೇ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಅಸರ್ ನಮಾಝ್‌ನ ಬಳಿಕ ಒಂದು ಗಂಟೆ ಕಾಲು ಎತ್ತರಿಸಿ ಮಲಗಿದರೆ ಆ ನೀರು ಮಲಗುವ ಮುನ್ನವೇ ಹೊರಹೋಗುತ್ತದೆ. ಕಾಲೂತಕ್ಕೆ ಹೃದಯದ ತೊಂದರೆಯೋ ಬಿ.ಪಿ. ಮಾತ್ರೆಯೋ ಕಾರಣವಿರಬಹುದು. ಸಕ್ಕರೆ ಕಾಯಿಲೆಯನ್ನೂ ಪರೀಕ್ಷಿಸಿ. ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತಂತಾಗುವುದೂ ರಾತ್ರಿ ಮೂತ್ರವನ್ನು ಹೆಚ್ಚಿಸುತ್ತದೆ. ಇದನ್ನು ವೈದ್ಯರಿಗೆ ಹೇಳಬೇಕಾದವರು ನೀವೇ, ಗೊರಕೆ ಹೊಡೆಯುವವರಿಗೆ ಅದು ಗೊತ್ತಿರುವುದಿಲ್ಲವಲ್ಲ! ಮೂತ್ರ ಹೆಚ್ಚಿಸುವ ಮಾತ್ರೆಯಿದ್ದರೆ ಅದರ ಹೊತ್ತು ಬದಲಿಸಬಹುದೇ ಎಂದು ಕೇಳಿ, ಸ್ವತಃ ಬದಲಿಸಬೇಡಿ.

ಮಲಗುವ ಎರಡು ಮೂರು ಗಂಟೆ ಮೊದಲು ನೀರು, ಚಹಾ ಕಡಿಮೆ ಮಾಡಲಿ. ಹಗಲಿನ ನೀರನ್ನು ಕಡಿತಗೊಳಿಸಬಾರದು. ನೆಗಡಿಗೆಂದು ಅಂಗಡಿಯಿಂದ ಮಾತ್ರೆ ತಂದುಕೊಡಬೇಡಿ. ಅವುಗಳಲ್ಲಿ ಕೆಲವು ಪ್ರೊಸ್ಟೇಟ್ ತೊಂದರೆಯಿರುವವರ ಮೂತ್ರವನ್ನೇ ಕಟ್ಟಿಸಬಲ್ಲವು. ಮೂತ್ರ ಪೂರ್ತಿ ನಿಂತರೆ, ರಕ್ತ ಹೋದರೆ, ಚಳಿಜ್ವರ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಿ.

ಆಪರೇಷನ್ ನಂತರ ಹನಿ ಸೋರುತ್ತದೆಂದು ಕೆಲವರು ಮಸೀದಿಗೆ ಹೋಗುವುದನ್ನೇ ಬಿಡುತ್ತಾರೆ. ನಿರಂತರ ಸೋರುವವರಿಗೆ ಶರೀಅತ್ತಿನಲ್ಲಿ ರಿಯಾಯಿತಿಯಿದೆ. ವುಝೂವಿನ ವಿಧಾನವನ್ನು ಊರಿನ ಉಸ್ತಾದರಲ್ಲಿ ಕೇಳಲಿ. ಕೇಳಲು ಅವರಿಗೆ ಸಂಕೋಚವಾದರೆ ಮಗನನ್ನು ಜೊತೆಗೆ ಕಳುಹಿಸಿ.

ಇಂದು ರಾತ್ರಿಯೇ ಮಾಡಬಹುದಾದ ಒಂದು ಕೆಲಸವಿದೆ. ಟಾಮ್ಸುಲೋಸಿನ್ ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದರೆ ತಲೆಸುತ್ತು ಬರಬಹುದು. ಒಂದು ನಿಮಿಷ ಮಂಚದಲ್ಲೇ ಕುಳಿತು ಏಳಲಿ. ಶೌಚಾಲಯದ ದಾರಿಯಲ್ಲಿರುವ ಕಾಲೊರಸನ್ನು ತೆಗೆದು, ಒಂದು ಸಣ್ಣ ದೀಪ ಉರಿಸಿಡಿ.