ಬಾದಾಮಿಯ ಕಾಲುದಾರಿಗಳು

ವಿಜಯಪುರದ ಜಲನಗರದವರಿಗೆ ಗೋಳಗುಮ್ಮಟ ಊರೊಳಗಿನ ಸಂಗತಿ. ನೆಂಟರಿಷ್ಟರು ಬಂದಾಗಲೆಲ್ಲ ಅದನ್ನು ತೋರಿಸಿ ತರುವುದು ಮನೆಯವರ ಪಾಲಿಗೆ ಬಂದ ಕೆಲಸ. ಬಂದವರು ಮೆಟ್ಟಿಲು ಹತ್ತಿ, ತಮ್ಮ ದನಿ ತಮಗೇ ಮರಳಿ ಬರುವುದನ್ನು ಕೇಳಿ, ನಲಿದು ಕೆಳಗಿಳಿಯುತ್ತಾರೆ. ಎದುರಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಅರೆಗಳಿಗೆ ನಿಲ್ಲುವವರು ವಿರಳ. ನಿಂತವರಿಗೆ ಅಲ್ಲಿ ಮಹಾಕೂಟದಿಂದ ತಂದಿರಿಸಿದ ಒಂದು ಶಾಸನಸ್ತಂಭ ಕಾಣಸಿಗುತ್ತದೆ. ಬಾದಾಮಿಯ ಚಾಲುಕ್ಯ ದೊರೆ ಮಂಗಲೇಶನ ಕಾಲದಲ್ಲಿ, ಕ್ರಿ.ಶ. 600ರ ಆಸುಪಾಸಿನಲ್ಲಿ, ಮಕುಟೇಶ್ವರ ದೇವರಿಗೆ ಹತ್ತು ಹಳ್ಳಿಗಳನ್ನು ದತ್ತಿ ಬಿಟ್ಟುದನ್ನು ಸಾರುವ ಸ್ತಂಭವದು. ಗುಮ್ಮಟದ ಕಲ್ಲು ಕಪ್ಪು. ಈ ಕಂಬದ ಕಲ್ಲು ಬೇರೊಂದು ನೆಲದ್ದು.

ಆ ನೆಲ ಬಹು ದೂರವೇನಿಲ್ಲ. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಬಾದಾಮಿಯೂ ವಿಜಾಪುರ ಜಿಲ್ಲೆಯದೇ ತಾಲ್ಲೂಕಾಗಿತ್ತು. ವಿಜಯಪುರದಿಂದ ದಕ್ಷಿಣಕ್ಕೆ ಹೊರಟವನು ಎರೆಭೂಮಿಯನ್ನು ಹಾಯ್ದು, ಕೃಷ್ಣೆಯನ್ನು ದಾಟಿ, ಘಟಪ್ರಭೆಯನ್ನೂ ದಾಟಿ ಮುಂದುವರಿದರೆ ಮಣ್ಣಿನ ಬಣ್ಣ ಬದಲಾಗುತ್ತದೆ. ಕೆಂಪು ಬಂಡೆಯ ಗುಡ್ಡಗಳು ಗೋಡೆಯಂತೆ ಎದುರು ನಿಲ್ಲುತ್ತವೆ. ಹಿಂದೆ ಉಳಿದುದು ಜ್ವಾಲಾಮುಖಿಯ ಕರಿಗಲ್ಲಿನ ಸೀಮೆ. ಮುಂದಿರುವುದು ಮರಳುಗಲ್ಲಿನ ಸೀಮೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಷ್ಟು ಹಿಂದೆಯೇ ಈ ಭಾಗದ ಶಿಲೆಗಳನ್ನು ವಿವರಿಸಿ ಗ್ರಂಥ ಪ್ರಕಟಿಸಿದನು. ಕಣ್ಣಿಗೆ ಕಾಣುವಂಥ ಪ್ರಾಣಿಗಳು ಭೂಮಿಯ ಮೇಲೆ ಇನ್ನೂ ಹುಟ್ಟಿರದ ಕಾಲದಲ್ಲಿ, ಹರಿಯುವ ನೀರು ಹೊತ್ತು ತಂದ ಮರಳು ಪದರಪದರವಾಗಿ ಕುಳಿತು ಕಲ್ಲಾದುದೇ ಈ ಗುಡ್ಡಸಾಲು. ಕೆಲವು ಹಾಸುಬಂಡೆಗಳ ಮೇಲೆ ಅಂದಿನ ನೀರಿನ ಅಲೆಗಳ ಗುರುತು ಇಂದಿಗೂ ಅಚ್ಚೊತ್ತಿದಂತೆ ನಿಂತಿದೆ.

ಎತ್ತರದ ಲೆಕ್ಕದಲ್ಲಿ ಇವು ಹೆಮ್ಮೆಪಡುವಂಥ ಬೆಟ್ಟಗಳಲ್ಲ. ಸಹ್ಯಾದ್ರಿಯನ್ನು ಕಂಡವನು ಇವನ್ನು ಗುಡ್ಡವೆಂದಾನೇ ಹೊರತು ಬೆಟ್ಟವೆನ್ನಲಾರ. ಆದರೆ ಇವುಗಳ ಗುಣ ಎತ್ತರದಲ್ಲಿಲ್ಲ, ಬಿರುಕುಗಳಲ್ಲಿದೆ. ಬಂಡೆ ಮೇಲಿನಿಂದ ಕೆಳಕ್ಕೆ ಸೀಳಿದಲ್ಲಿ ಇಕ್ಕಟ್ಟಾದ ಕಣಿವೆಗಳಾಗಿವೆ. ಸೀಮೆಯ ಜನ ಅವನ್ನು ‘ಕೊಳ್ಳ’ ಎನ್ನುತ್ತಾರೆ. ಗುಡ್ಡದ ನೆತ್ತಿಯ ಮೇಲೆ ಬಿದ್ದ ಮಳೆನೀರು ಸೀಳುಗಳಲ್ಲಿ ಇಂಗಿ, ಕೊಳ್ಳದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಮೇಲೆ ಕಾರೆ, ಕವಳೆ, ಜಾಲಿ, ಕಳ್ಳಿಗಳ ಕುರುಚಲು. ಕೆಳಗೆ ಕೊಳ್ಳದಲ್ಲಿ ನೆರಳು, ತಂಪು, ಹಸಿರು. ಬಿಸಿಲುನಾಡಿನಲ್ಲಿ ಇದಕ್ಕಿಂತ ದೊಡ್ಡ ಸಂಪತ್ತು ಬೇರೊಂದಿಲ್ಲ. ಆದುದರಿಂದಲೇ ಇಲ್ಲಿಯ ಕಾಲುದಾರಿಗಳೆಲ್ಲ ಒರತೆಯಿಂದ ಒರತೆಗೆ ನಡೆದಿವೆ. ದೇವಾಲಯಗಳು ಆ ಒರತೆಗಳ ಬಳಿಯೇ ಎದ್ದಿವೆ.

ಇವುಗಳಲ್ಲಿ ಹೆಸರಾದುದು ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ದಾರಿ. ಬಸ್ಸಿನ ರಸ್ತೆ ಗುಡ್ಡವನ್ನು ಬಳಸಿಕೊಂಡು ಹೋಗುತ್ತದೆ. ಕಾಲುದಾರಿ ಗುಡ್ಡವನ್ನೇ ಹತ್ತಿ ಇಳಿದು ಸುಮಾರು 5 ಕಿಲೋಮೀಟರಿನಲ್ಲಿ ಮುಟ್ಟಿಸುತ್ತದೆ. ಹೊರಡುವ ಮುನ್ನ ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಸುತ್ತ ನೋಡುವುದು ಒಳ್ಳೆಯದು. ಉತ್ತರದ ಗುಡ್ಡದ ಬಂಡೆಯ ಮೇಲೆ ಮೊದಲನೆಯ ಪುಲಕೇಶಿಯ ಶಾಸನವಿದೆ, ಕ್ರಿ.ಶ. 543ರಲ್ಲಿ ಅವನು ಈ ದುರ್ಗವನ್ನು ಕಟ್ಟಿಸಿದುದನ್ನು ಅದು ಹೇಳುತ್ತದೆ. ಇಷ್ಟು ಮುಖ್ಯವಾದ ಬರಹ ವಿದ್ವಾಂಸರ ಕಣ್ಣಿಗೆ ಬಿದ್ದುದು 1941ರಲ್ಲಿ! ದಕ್ಷಿಣದ ಗುಡ್ಡದಲ್ಲಿ ಗುಹಾಲಯಗಳು, ಮೂರನೆಯದರಲ್ಲಿ ಕ್ರಿ.ಶ. 578ರ ಶಾಸನ. ಈಶಾನ್ಯಕ್ಕೆ, ತಟ್ಟುಕೋಟೆಯ ಬಳಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ. ಕ್ರಿ.ಶ. 700ರ ಸುಮಾರಿನ ಈ ಬರಹದಲ್ಲಿ ಕನ್ನಡದ ತ್ರಿಪದಿಯ ಅತಿ ಹಳೆಯ ರೂಪ ಉಳಿದಿದೆ. ಬೀಸುವ ಕಲ್ಲಿನ ಮುಂದೆ ಹೆಂಗಳೆಯರು ಹಾಡಿಕೊಂಡು ಬಂದ ಮೂರು ಸಾಲಿನ ಮಟ್ಟು ಈ ಗುಡ್ಡಗಳ ಮೈಮೇಲೆ ಹದಿಮೂರು ಶತಮಾನಗಳ ಹಿಂದೆಯೇ ಕಂಡರಣೆಗೊಂಡಿತ್ತೆಂದರೆ ಯಾವ ಕನ್ನಡಿಗನ ಮೈ ನವಿರೇಳದು?

ಅಲ್ಲಿಂದ ಮುಂದೆ ಅಲ್ಲಲ್ಲಿ ಕಲ್ಲು ಹಾಸಿದ ದಾರಿ ಕುರುಚಲ ನಡುವೆ ಏರುತ್ತದೆ. ಊರಿನ ಗದ್ದಲ ಹಿಂದೆ ಬೀಳುತ್ತದೆ. ಗುಡ್ಡದ ನೆತ್ತಿಯ ಬಯಲನ್ನು ದಾಟಿ ಇಳಿಯತೊಡಗಿದರೆ ಮರಗಳ ನಡುವೆ ಮಹಾಕೂಟದ ಶಿಖರಗಳು ಕಾಣುತ್ತವೆ. ಹಳೆಯ ಬಾಗಿಲಿನ ಪಕ್ಕಗಳಲ್ಲಿ ಎಲುಬಿನ ಹಂದರದಂಥ ಉಗ್ರಮೂರ್ತಿಗಳು. ಒಳಗೆ ಹೆಜ್ಜೆಯಿಟ್ಟರೆ ಒರತೆಯಿಂದ ತುಂಬಿದ ವಿಷ್ಣುಪುಷ್ಕರಿಣಿಯ ತಿಳಿನೀರು. ಬಸ್ಸಿನಲ್ಲಿ ಬಂದವನಿಗೆ ಅದು ಒಂದು ಹೊಂಡ. ನಡೆದು ದಣಿದು ಬಂದವನಿಗೆ ಅದು ತೀರ್ಥ. ಆ ಎರಡು ಪದಗಳ ನಡುವಣ ಅಂತರವೇ ಕಾಲುದಾರಿಯ ಬೆಲೆ.

ಸಮಯವಿದ್ದವರು ಬಾದಾಮಿಯಿಂದ 4 ಕಿಲೋಮೀಟರಿನಷ್ಟು ದೂರದ ಶಿಡ್ಲಫಡಿಗೂ ಹೋಗಬಹುದು. ಸಿಡಿಲು ಬಡಿದು ಸೀಳಿದ ಬಂಡೆಯೆಂದು ಜನ ಆ ಹೆಸರನ್ನು ಬಿಡಿಸಿ ಹೇಳುತ್ತಾರೆ. ಚಾಚಿನಿಂತ ಬಂಡೆಯ ಅಡಿಯಲ್ಲಿ ಪ್ರಾಗೈತಿಹಾಸಿಕ ಮಾನವನು ಕೆಮ್ಮಣ್ಣಿನಿಂದ ಬರೆದ ಪ್ರಾಣಿಗಳ ಚಿತ್ರಗಳಿವೆ. ಚಾಲುಕ್ಯರ ಉಳಿಗೆ ಮುನ್ನವೇ ಈ ಬಂಡೆಯ ಮೇಲೆ ಕೈಯಾಡಿಸಿದವರಿದ್ದರು. ಕಾಡಿನ ಮರೆಯಲ್ಲಿ ನಾಗನಾಥಕೊಳ್ಳದ ಗುಡಿಯಿದೆ. ಅದರಾಚೆ ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಸ್ಥಾಪಿಸಿದ ಶಿವಯೋಗಮಂದಿರ. ನದಿಯ ಗುಂಟ ಮುಂದೆ ಪಟ್ಟದಕಲ್ಲು, ಐಹೊಳೆ. ಪಟ್ಟದಕಲ್ಲಿನ ಉತ್ತರಕ್ಕೆ ಗುಡ್ಡದಲ್ಲಿ ಹಳೆಯ ಕಲ್ಲುಗಣಿಯಿದೆ. ಕಲ್ಲುಕುಟಿಗರು ಗೀರಿದ ಗುರುತುಗಳು ಅಲ್ಲಿ ಉಳಿದಿವೆ. ಐಹೊಳೆಯ ಹತ್ತಿರದ ಸಿದ್ಧನಕೊಳ್ಳದಲ್ಲಿ ಮತ್ತೆ ನೀರು, ಮತ್ತೆ ಗುಡಿ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯ ಕ್ರಿ.ಶ. 634ರ ಶಾಸನ. ಹೀಗೆ ನಡೆದವನಿಗೆ ಬಂಡೆ ಗಣಿಯಾಗಿ, ಗಣಿ ಗುಡಿಯಾಗಿ, ಗುಡಿಯ ಗೋಡೆ ಗ್ರಂಥವಾದ ಬಗೆ ತಾನಾಗಿ ತಿಳಿಯುತ್ತದೆ.

ಇಂಥ ದಾರಿಗಳ ಗತಿಯೇನು? 1987ರಲ್ಲಿ ಪಟ್ಟದಕಲ್ಲು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಗುಡಿಗಳಿಗೆ ಬೇಲಿ, ಕಾವಲು, ಫಲಕಗಳು ಬಂದವು. ಕಾಲುದಾರಿಗೆ ಕಾವಲೆಂದರೆ ನಡೆಯುವ ಕಾಲುಗಳು ಮಾತ್ರ. ಯಾತ್ರಿಕರು, ಕುರಿಗಾಹಿಗಳು, ಹುಲ್ಲುಕಟ್ಟಿಗೆ ತರುವವರು ತುಳಿದಿರುವ ತನಕ ಅದು ದಾರಿ. ಕೆಲವು ಮಳೆಗಾಲ ಯಾರೂ ತುಳಿಯದಿದ್ದರೆ ಮುಳ್ಳುಕಂಟಿ ಅದನ್ನು ನುಂಗುತ್ತದೆ. ಗುಡಿ ಬಿದ್ದರೆ ಕಲ್ಲಾದರೂ ಉಳಿದೀತು. ದಾರಿ ಅಳಿದರೆ ಉಳಿಯುವುದೇನೂ ಇಲ್ಲ. ದಾರಿಯೊಡನೆ, ಯಾವ ಕೊಳ್ಳದಲ್ಲಿ ಬೇಸಗೆಯಲ್ಲೂ ನೀರು ಸಿಗುತ್ತದೆಂಬ ತಿಳಿವೂ ಅಳಿಯುತ್ತದೆ.

ಜರ್ಮನಿಯ ನೈಋತ್ಯಕ್ಕೆ ಪ್ಯಾಲಟಿನೇಟ್ ಎಂಬ ಅರಣ್ಯಪ್ರದೇಶವಿದೆ. ಅದೂ ಕೆಂಪು ಮರಳುಗಲ್ಲಿನದೇ, ತಗ್ಗು ಗುಡ್ಡಗಳದೇ. ಅದರ ಅತ್ಯುನ್ನತ ಶಿಖರ 673 ಮೀಟರ್ ಮಾತ್ರ. 1902ರಲ್ಲಿ ಅಲ್ಲಿಯ ನಾಗರಿಕರು ಒಂದು ಸಂಘ ಕಟ್ಟಿ, ಕಾಲುದಾರಿಗಳನ್ನು ಕಾಯುವ ಕೆಲಸ ಕೈಗೊಂಡರು. ಮರದ ಬೊಡ್ಡೆಗೆ, ಬಂಡೆಗೆ ಪುಟ್ಟ ಬಣ್ಣದ ಗುರುತು. ದಾರಿಯಲ್ಲಿ ವಿಶ್ರಾಂತಿಗೆ ಮನೆಗಳು. ನೆರೆಯ ವೋಜ್ ಬೆಟ್ಟಗಳಲ್ಲಿ ಇಂಥದೇ ಸಂಘ 1872ರಷ್ಟು ಹಿಂದೆಯೇ ಹುಟ್ಟಿತ್ತು. ಆ ಕೆಲಸವನ್ನು ಬಹುಮಟ್ಟಿಗೆ ಸ್ವಂತ ಇಚ್ಛೆಯಿಂದ ಮುಂದೆ ಬಂದ ಸಾಮಾನ್ಯ ಜನರೇ ನಡೆಸಿಕೊಂಡು ಬಂದಿದ್ದಾರೆ. ಬಾದಾಮಿಯ ಕಡಿದಾದ ಬಂಡೆಗಳನ್ನು ಏರುವ ಸಾಹಸಕ್ಕಾಗಿ ಇಂದು ದೇಶವಿದೇಶಗಳ ತರುಣರು ಬರುತ್ತಿದ್ದಾರೆ. ಬಂಡೆಯನ್ನು ಏರಲು ಹೊರನಾಡಿನವರು ಬರುವಲ್ಲಿ, ದಾರಿಯನ್ನು ಕಾಯಲು ನೆರೆಯೂರಿನವರು ಬರಲಾರರೇ? ಕಾಲೇಜಿನ ಒಂದೊಂದು ತಂಡ, ವರ್ಷಕ್ಕೊಮ್ಮೆ, ಒಂದೊಂದು ದಾರಿ ನಡೆದು, ಇಲಾಖೆಗಳ ಅನುಮತಿಯಿಂದ ಕಂಟಿ ಸವರಿ, ಕವಲುಗಳಲ್ಲಿ ಗುರುತುಗಲ್ಲು ನೆಟ್ಟರೆ ಸಾಕು.

ನಡೆಯಬಯಸುವವರಿಗೆ ಕೆಲವು ಮಾತು. ಕಾರ್ತಿಕದಿಂದ ಮಾಘದವರೆಗಿನ ದಿನಗಳು ಉತ್ತಮ; ಪುಷ್ಯದಲ್ಲಾದರೆ ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯೂ ಜೊತೆಗೂಡುತ್ತದೆ. ಬೇಸಗೆಯ ಬಂಡೆ ಕಾದ ಹಂಚು. ಮಳೆಯಲ್ಲಿ ನೆನೆದ ಮರಳುಗಲ್ಲು ಜಾರುತ್ತದೆ, ಅದರ ಅಂಚು ಮುರಿದುಬೀಳುವುದುಂಟು. ನಸುಕಿನಲ್ಲಿ ಹೊರಟು, ದಾರಿ ಬಲ್ಲ ಊರವರೊಬ್ಬರನ್ನು ಕರೆದುಕೊಂಡು, ಸಾಕಷ್ಟು ನೀರು ಹೊತ್ತು ನಡೆಯಬೇಕು. ಬುತ್ತಿಯನ್ನು ಮಂಗಗಳ ಕಣ್ಣಿಗೆ ಬೀಳದಂತೆ ಇಟ್ಟುಕೊಳ್ಳಬೇಕು. ಒಣಹುಲ್ಲಿನ ಗುಡ್ಡದಲ್ಲಿ ಬೆಂಕಿ ಹೊತ್ತಿಸಕೂಡದು. ಒರತೆಯ ನೀರನ್ನು ಕೆಡಿಸಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ಬಂಡೆಯ ಮೇಲೆ ತಮ್ಮ ಹೆಸರನ್ನು ಕೊರೆಯಕೂಡದು. ಅಲ್ಲಿ ಬರೆಯತಕ್ಕವರು ಬರೆದು ಹೋಗಿದ್ದಾರೆ. ಈಗ ಹೋಗುವವರ ಪಾಲಿಗೆ ಉಳಿದಿರುವುದು ಓದುವ ಕೆಲಸ. ಆ ಓದು ಕಾಲ್ನಡಿಗೆಯಿಂದಲೇ ಆಗಬೇಕು.