ಹಾವಿಗೆ ನೋಂದಣಿ ಉಂಟು, ಅದರ ಗೂಡಿಗೆ ಅಳತೆ ಇಲ್ಲ

2024ರ ಫೆಬ್ರುವರಿ ಕೊನೆಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ನಿಯಮಾವಳಿ ಹೊರಡಿಸಿತು. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಗಿಳಿ, ಇಗ್ವಾನಾ, ಹೆಬ್ಬಾವು, ಬೋವಾ ಮುಂತಾದ ಜೀವಿಗಳನ್ನು ಇಟ್ಟುಕೊಂಡವರೆಲ್ಲ ಆರು ತಿಂಗಳೊಳಗೆ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಮರಿ ಹುಟ್ಟಿದರೆ, ಪ್ರಾಣಿ ಸತ್ತರೆ, ಕೈ ಬದಲಾದರೆ ತಿಳಿಸಬೇಕು ಎಂದಿತು. ಅದಕ್ಕೂ ಮೊದಲು, 2020ರ ಜೂನ್‌ನಲ್ಲಿ, ತಾವಾಗಿ ಘೋಷಿಸಿಕೊಂಡವರಿಂದ ದಾಖಲೆ ಕೇಳುವುದಿಲ್ಲವೆಂದು ಅದೇ ಸಚಿವಾಲಯ ರಿಯಾಯಿತಿ ಕೊಟ್ಟಿತ್ತು. ಅಂದಿನಿಂದ ವಾದ ನಿಂತಿಲ್ಲ. ಇದು ಕಳ್ಳಸಾಗಣೆಗೆ ಕೊಟ್ಟ ಕ್ಷಮಾಪತ್ರ, ಪೂರ್ತಿ ನಿಷೇಧಿಸಿ ಎನ್ನುತ್ತಾರೆ ವನ್ಯಜೀವಿ ಕಾರ್ಯಕರ್ತರು. ನಮ್ಮನ್ನು ಅಪರಾಧಿಗಳಂತೆ ನೋಡಬೇಡಿ ಎನ್ನುತ್ತಾರೆ ಹವ್ಯಾಸಿಗಳು. ಎರಡೂ ಕಡೆಯವರು ಹಿಡಿದೆಳೆಯುತ್ತಿರುವುದು ಒಡೆತನದ ಕಾಗದವನ್ನು. ಆ ಹಾವು ಇಂದು ರಾತ್ರಿ ಎಲ್ಲಿ, ಎಷ್ಟು ಜಾಗದಲ್ಲಿ, ಯಾವ ಬಿಸಿಯಲ್ಲಿ ಬದುಕುತ್ತಿದೆ ಎಂಬುದು ಈ ವಾದದೊಳಗೆ ಬಂದೇ ಇಲ್ಲ. ನನ್ನ ಮಾತು ಇಷ್ಟೇ: ಸರಿಯಾದ ಗೂಡು ಸಿದ್ಧವಾಗಿದೆ ಎಂದು ತೋರಿಸದವರ ಹೆಸರಿಗೆ ಹಾವಿನ ನೋಂದಣಿಯೇ ಆಗಬಾರದು.

ಇದು ಸಣ್ಣ ಸಂಗತಿಯಲ್ಲ ಎನ್ನಲು ಅಮೆಜಾನ್ ಟ್ರೀ ಬೋವಾವನ್ನೇ ನೋಡಬಹುದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ, ನೆಲ ಬಿಟ್ಟು ಕೊಂಬೆಗಳ ಮೇಲೆ, ರಾತ್ರಿ ಬದುಕುವ ಹಾವು ಇದು. ಬೆಳೆದದ್ದು ಸಾಮಾನ್ಯವಾಗಿ ಒಂದೂವರೆ ಮೀಟರಿನಿಂದ ಎರಡು ಮೀಟರಿನಷ್ಟು ಉದ್ದವಾದರೂ ಮೈ ತೆಳ್ಳಗೆ, ಪಕ್ಕಗಳಲ್ಲಿ ಚಪ್ಪಟೆ. ತುಟಿಯಂಚಿನ ಗುಳಿಗಳಿಂದ ಬೇಟೆಯ ಮೈಶಾಖವನ್ನು ಗ್ರಹಿಸುತ್ತದೆ. ಬಾಲದಿಂದ ಕೊಂಬೆ ಹಿಡಿದು ಮುಂದಿನ ಮೈಯನ್ನು ಗಾಳಿಯಲ್ಲಿ ಚಾಚಿ ಎರಗುತ್ತದೆ. ಇಂಥ ಜೀವಿಗೆ ಮೀನು ಸಾಕಲು ಮಾಡಿದ ಗಾಜಿನ ತೊಟ್ಟಿ ಸಲ್ಲುವುದಿಲ್ಲ. ಅದು ಅಗಲವಿದ್ದರೂ ಎತ್ತರವಿಲ್ಲ, ಗಾಳಿಯಾಡುವುದಿಲ್ಲ, ಬಾಗಿಲು ಮೇಲಿರುತ್ತದೆ. ಮೇಲಿನಿಂದ ಇಳಿಯುವ ಕೈ ಹಾವಿನ ಪಾಲಿಗೆ ಹದ್ದು. ಮೊದಲೇ ಕಚ್ಚುವ ಸ್ವಭಾವದ ಈ ಬೋವಾ ಪ್ರತಿ ಸಲವೂ ಹೆದರಿ ಎರಗುತ್ತದೆ. ಬೆಳೆದ ಹಾವಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಆಳ, ಮೂರರಿಂದ ನಾಲ್ಕು ಅಡಿ ಎತ್ತರದ, ಮುಂದಿನಿಂದ ತೆರೆಯುವ, ಬೀಗ ಹಾಕಬಹುದಾದ ಗೂಡಿಗಿಂತ ಕಡಿಮೆಯದನ್ನು ಒಪ್ಪಬಾರದು. ಅದರೊಳಗೆ ಹಾವಿನ ಮೈದಪ್ಪಕ್ಕೆ ಹೊಂದುವ ಅಡ್ಡ ಕೊಂಬೆಗಳು ಬೇರೆ ಬೇರೆ ಎತ್ತರದಲ್ಲಿ, ಅಲುಗಾಡದಂತೆ ಬಿಗಿದಿರಬೇಕು. ಕೊಂಬೆ ಸಮೇತ ಹೊರತೆಗೆಯುವಂತಿದ್ದರೆ ಸ್ವಚ್ಛ ಮಾಡುವಾಗ ಸುರುಳಿ ಬಿಡಿಸಿ ಎಳೆಯುವ ಹಿಂಸೆ ತಪ್ಪುತ್ತದೆ. ಮರೆಯಾಗಲು ಎಲೆಗಳು ಬೇಕು. ಬಿಸಿ ಮೇಲಿನಿಂದ ಬರಬೇಕು. ನೆಲಕ್ಕೆ ಅಪರೂಪಕ್ಕೆ ಇಳಿಯುವ ಹಾವಿಗೆ ಗೂಡಿನಡಿ ಹೀಟ್ ಮ್ಯಾಟ್ ಇಟ್ಟರೆ ಏನು ಉಪಯೋಗ? ಬಿಸಿ ಕೊಡುವ ಬಲ್ಬಿಗೆ ಜಾಲರಿ ಇಲ್ಲದಿದ್ದರೆ ಹಾವು ಅದನ್ನೇ ಸುತ್ತಿ ಮೈ ಸುಟ್ಟುಕೊಳ್ಳುತ್ತದೆ. ಒಂದು ತುದಿಯಲ್ಲಿ 29–30 ಡಿಗ್ರಿ, ಇನ್ನೊಂದು ತುದಿಯಲ್ಲಿ 24–25 ಡಿಗ್ರಿ ಇದ್ದರೆ ತನಗೆ ಬೇಕಾದ್ದನ್ನು ಹಾವೇ ಆರಿಸಿಕೊಳ್ಳುತ್ತದೆ. ತೇವಾಂಶ ಶೇ 60ರಿಂದ 80ರ ನಡುವೆ ಇರಬೇಕು, ಆದರೆ ನೀರು ಚಿಮುಕಿಸಿದ ಮೇಲೆ ಎಲೆ ಕೊಂಬೆಗಳು ಒಣಗಲೂ ಬೇಕು. ಸದಾ ಒದ್ದೆಯಾದ, ಗಾಳಿ ಕಟ್ಟಿದ ಪೆಟ್ಟಿಗೆಯಲ್ಲಿ ಚರ್ಮ ಕೊಳೆಯುತ್ತದೆ, ಶ್ವಾಸಕೋಶಕ್ಕೆ ಸೋಂಕು ಹತ್ತುತ್ತದೆ. ಬೆಂಗಳೂರಿನ ಜನವರಿ ರಾತ್ರಿ 15–16 ಡಿಗ್ರಿಗೆ ಇಳಿಯುತ್ತದೆ, ಏಪ್ರಿಲ್ ಮಧ್ಯಾಹ್ನದ ಗಾಳಿ ಒಣಗಿರುತ್ತದೆ. ಥರ್ಮೋಸ್ಟಾಟ್ ಇಲ್ಲದೆ, ಕರೆಂಟ್ ಹೋದಾಗ ಯುಪಿಎಸ್ ಇಲ್ಲದೆ ಅಮೆಜಾನಿನ ಹವೆ ನಮ್ಮ ಮನೆಯಲ್ಲಿ ಉಳಿಯುವುದಿಲ್ಲ.

ಇಷ್ಟೆಲ್ಲ ಬೇಕಾದ ಜೀವಿಗೆ ನಮ್ಮ ಕಾನೂನು ಏನು ಕೊಟ್ಟಿದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್, ಪ್ರಾಣಿ ಅಲುಗಾಡಲು ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿಡುವುದು ಅಪರಾಧವೆನ್ನುತ್ತದೆ. ಯಾವ ಪ್ರಾಣಿಗೆ ಎಷ್ಟು ಎಂದು ಹೇಳುವುದಿಲ್ಲ, ಮತ್ತು ಮೊದಲ ಅಪರಾಧಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ನಾಯಿ, ಬೆಕ್ಕು, ಮೊಲ, ಇಲಿ ಜಾತಿಯ ಪ್ರಾಣಿಗಳು, ಪಂಜರದ ಹಕ್ಕಿಗಳನ್ನು ಹೆಸರಿಸಿದವು. ಸರೀಸೃಪಗಳನ್ನು ಹೆಸರಿಸಲಿಲ್ಲ. 2024ರ ನಿಯಮಗಳೂ ಗೂಡಿನ ಕನಿಷ್ಠ ಅಳತೆಯನ್ನು ನೋಂದಣಿಯ ಷರತ್ತಾಗಿ ಮಾಡಲಿಲ್ಲ. 2014ರಲ್ಲಿ ಜಲ್ಲಿಕಟ್ಟು ಕುರಿತ ನಾಗರಾಜ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಎತ್ತಿಹಿಡಿದಿತ್ತು, ಸಹಜ ವರ್ತನೆ ತೋರುವ ಸ್ವಾತಂತ್ರ್ಯ ಅವುಗಳಲ್ಲೊಂದು. ಅಳತೆಯೇ ಇಲ್ಲದಿದ್ದರೆ ಮರ ಹತ್ತುವ ಹಾವಿಗೆ ಆ ಸ್ವಾತಂತ್ರ್ಯ ಸಿಕ್ಕಿದೆಯೇ ಎಂದು ಅಧಿಕಾರಿ ತೀರ್ಮಾನಿಸುವುದಾದರೂ ಹೇಗೆ? ಜರ್ಮನಿಯಲ್ಲಿ 1997ರಲ್ಲೇ ತಜ್ಞರ ಸಮಿತಿ ಸರೀಸೃಪಗಳ ಗೂಡಿನ ಕನಿಷ್ಠ ಅಳತೆಗಳನ್ನು ದೇಹದ ಉದ್ದದ ಲೆಕ್ಕದಲ್ಲಿ ಬರೆದುಕೊಟ್ಟಿತು. ಸ್ವಿಟ್ಜರ್ಲೆಂಡಿನ 2008ರ ಪ್ರಾಣಿ ರಕ್ಷಣಾ ಆದೇಶದ ಅನುಬಂಧದಲ್ಲಿ ಅಂಥ ಕೋಷ್ಟಕ ಕಾನೂನಿನ ಭಾಗವೇ ಆಗಿದೆ. ಅಂದರೆ ಇದು ಬರೆಯಲಾಗದ ನಿಯಮವೇನಲ್ಲ.

ದೊಡ್ಡ ಗೂಡು ಹಾವಿಗೆ ಬೇಡವೇ ಬೇಡ ಎನ್ನುವವರಿದ್ದಾರೆ, ಅವರಲ್ಲಿ ಅನುಭವಿ ಸಾಕಣೆದಾರರೂ ಇದ್ದಾರೆ. ಹಾವು ದಿನಗಟ್ಟಲೆ ಒಂದೇ ಕಡೆ ಸುತ್ತಿಕೊಂಡಿರುತ್ತದೆ, ಬಯಲು ಜಾಗದಲ್ಲಿ ಕಂಗಾಲಾಗುತ್ತದೆ, ಕಪಾಟಿನ ಡ್ರಾಯರಿನಂಥ ರ‍್ಯಾಕ್‌ಗಳಲ್ಲಿ ತಿಂದುಕೊಂಡು ಮರಿ ಹಾಕಿಕೊಂಡು ಚೆನ್ನಾಗಿಯೇ ಇರುತ್ತದೆ ಎಂಬುದು ಅವರ ವಾದ. ಇದರಲ್ಲಿ ಅರ್ಧ ನಿಜವಿದೆ: ಮರೆಯೇ ಇಲ್ಲದ ಬೋಳು ದೊಡ್ಡ ಪೆಟ್ಟಿಗೆ ಹಾವನ್ನು ಹೆದರಿಸುತ್ತದೆ. ಅದಕ್ಕೆ ಪರಿಹಾರ ಮರೆಗಳನ್ನು ಹೆಚ್ಚಿಸುವುದು. ಇನ್ನರ್ಧವನ್ನು ಸಂಶೋಧನೆ ಒಪ್ಪುವುದಿಲ್ಲ. 2019ರಲ್ಲಿ ಬ್ರಿಟನ್ನಿನ ಕ್ಲಿಫರ್ಡ್ ವಾರ್ವಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗಂಟೆಯ ವೀಕ್ಷಣೆಯಲ್ಲೇ ಶೇ 37ರಷ್ಟು ಹಾವುಗಳು ಮೈಯನ್ನು ನೇರ ಅಥವಾ ಹೆಚ್ಚುಕಡಿಮೆ ನೇರವಾಗಿ ಚಾಚಿದ್ದು ಕಂಡುಬಂತು. ಮೈಯುದ್ದಕ್ಕಿಂತ ಗಿಡ್ಡನೆಯ ಪೆಟ್ಟಿಗೆಯಲ್ಲಿ ಆ ಭಂಗಿಯೇ ಅಸಾಧ್ಯ. 2021ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದ ಜರ್ಮನ್ ಅಧ್ಯಯನ ಬಾಲ್ ಪೈಥಾನ್‌ಗಳನ್ನು ರ‍್ಯಾಕ್‌ನಲ್ಲೂ ಸಜ್ಜಾದ ಟೆರೇರಿಯಂನಲ್ಲೂ ಇಟ್ಟು ಹೋಲಿಸಿತು. ನೆಲದ ಹಾವೆಂದೇ ಹೆಸರಾದ ಅದು ಕೂಡ ಟೆರೇರಿಯಂನಲ್ಲಿ ಹತ್ತಿತು, ಬಿಸಿಯ ತಾಣ ಹುಡುಕಿತು. ರ‍್ಯಾಕ್‌ನಲ್ಲಿ ಈ ವರ್ತನೆಗಳಿಗೆ ಆಸ್ಪದವೇ ಇರಲಿಲ್ಲ. ರ‍್ಯಾಕ್ ಆ ಜೀವಿಗೆ ತಕ್ಕ ವಾಸವಲ್ಲ ಎಂದು ಸಂಶೋಧಕರು ತೀರ್ಮಾನಿಸಿದರು. ನೆಲದ ಹಾವಿನ ಕಥೆಯೇ ಹೀಗಿದ್ದರೆ ಮರದ ಹಾವಿನ ಗತಿಯೇನು? ತಿನ್ನುವುದು, ಮರಿ ಹಾಕುವುದು ಕ್ಷೇಮದ ಪುರಾವೆ ಎನ್ನುವ ಮಾತನ್ನು ಕೋಳಿ ಫಾರಂಗಳ ತಂತಿಗೂಡಿನ ಪರವಾಗಿಯೂ ಕೇಳಿದ್ದೇವೆ. ಅಲ್ಲಿಯೂ ಮೊಟ್ಟೆಗೆ ಕೊರತೆಯಿಲ್ಲ.

ನಿಷೇಧ ಕೇಳುವವರ ಆಕ್ಷೇಪ ಇದಕ್ಕಿಂತ ತೂಕದ್ದು. ಗೂಡಿಗೆ ಮಾನದಂಡ ಬರೆದರೆ ವ್ಯಾಪಾರಕ್ಕೆ ಮಾನ್ಯತೆ ಕೊಟ್ಟಂತಾಗುವುದಿಲ್ಲವೇ? ಅವರ ಆತಂಕ ನನ್ನದೂ ಹೌದು. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನಲ್ಲಿ ಬೆಂಗಳೂರಿನ ಕಸ್ಟಮ್ಸ್ ಅಧಿಕಾರಿಗಳಿಗೆ 55 ಬಾಲ್ ಪೈಥಾನ್‌ಗಳೂ 17 ಕಾಳಿಂಗ ಸರ್ಪಗಳೂ ಸಿಕ್ಕವು, ಜೊತೆಗಿದ್ದ ಆರು ಕ್ಯಾಪುಚಿನ್ ಕೋತಿಗಳು ಸತ್ತಿದ್ದವು. ಸಾಕಣೆಯಲ್ಲಿ ಹುಟ್ಟಿದ್ದು ಎಂಬ ಕಾಗದವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ: ಇಂಡೊನೇಷ್ಯಾದಿಂದ ಹಾಗೆಂದು ರಫ್ತಾದ ಹಸಿರು ಮರಹೆಬ್ಬಾವುಗಳಲ್ಲಿ ಶೇ 80ರಷ್ಟು ಕಾಡಿನಿಂದ ಅಕ್ರಮವಾಗಿ ಹಿಡಿದವು ಎಂದು 2011ರಲ್ಲಿ ಸಂಶೋಧಕರಾದ ಲಯನ್ಸ್ ಮತ್ತು ನಾಟುಶ್ ತೋರಿಸಿದ್ದಾರೆ. ಹೊಸ ಟ್ರೀ ಬೋವಾಗಳ ಆಮದು ನಿಲ್ಲಲಿ, ಅದಕ್ಕೆ ನನ್ನ ಬೆಂಬಲವಿದೆ. ಆದರೆ ಮಾನ್ಯತೆಯನ್ನು ಸರ್ಕಾರ 2020ರಲ್ಲೇ ಕೊಟ್ಟಾಗಿದೆ, 2024ರಲ್ಲಿ ಅದಕ್ಕೆ ಮೊಹರು ಬಿದ್ದಿದೆ. ಈಗಾಗಲೇ ಇಲ್ಲಿರುವ ಹಾವನ್ನು ಅಮೆಜಾನಿಗೆ ಬಿಟ್ಟುಬರಲಾಗದು, ನಮ್ಮ ಕಾಡಿಗೆ ಬಿಡುವುದಂತೂ ಸಲ್ಲದು. ಸರಿಯಾಗಿ ಸಾಕಿದರೆ ಅದು ಹತ್ತಿಪ್ಪತ್ತು ವರ್ಷ ಬದುಕುತ್ತದೆ. ನಾಳೆಯೇ ನಿಷೇಧ ಬಂದರೂ ಅಷ್ಟು ಕಾಲ ಅದು ಯಾರದೋ ಮನೆಯ ಪೆಟ್ಟಿಗೆಯಲ್ಲಿ ಇರಲೇಬೇಕು. ಅಲ್ಲದೆ, ಗೂಡು ಮೊದಲು, ಹಾವು ಆಮೇಲೆ ಎಂಬ ನಿಯಮ ಕೊಳ್ಳುವವರ ಸಂಖ್ಯೆಯನ್ನು ತಾನಾಗಿ ಇಳಿಸುತ್ತದೆ. ಬಣ್ಣಕ್ಕೆ ಮರುಳಾಗಿ ಮರಿ ತರುವವರು ಗೂಡಿಗೂ ವಿದ್ಯುತ್ತಿಗೂ ಆಗುವ ಖರ್ಚನ್ನು ಮೊದಲೇ ಎಣಿಸಬೇಕಾಗುತ್ತದೆ.

ಆನೆ, ಚಿರತೆಗಳ ಹಿಂದೆ ಓಡಾಡಿಯೇ ದಣಿದ ಅರಣ್ಯ ಇಲಾಖೆ ಮನೆಮನೆಯ ಹಾವಿನ ಗೂಡು ಅಳೆಯುತ್ತಾ ಹೋಗಲು ಸಾಧ್ಯವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಸಾಬೀತು ಮಾಡುವ ಹೊಣೆ ಸಾಕುವವರದಾಗಬೇಕು. ಗೂಡಿನ ಅಳತೆ, ಎರಡು ತುದಿಗಳ ಉಷ್ಣಾಂಶ ತೋರುವ ಚಿತ್ರಗಳು, ಸರೀಸೃಪ ಬಲ್ಲ ಪಶುವೈದ್ಯರ ಪ್ರಮಾಣಪತ್ರ, ಇಷ್ಟನ್ನು ಪರಿವೇಶ್‌ನಲ್ಲೇ ಏರಿಸಲು ಹೇಳಲಿ. ಇಲಾಖೆ ಅಲ್ಲೊಂದು ಇಲ್ಲೊಂದು ಹೋಗಿ ಪರೀಕ್ಷಿಸಲಿ. ನೆಲದವು, ಬಿಲದವು, ಮರದವು, ನೀರಿನವು ಎಂದು ನಾಲ್ಕು ಗುಂಪು ಮಾಡಿ ಅಳತೆ ಬರೆದರೆ ಸಾಕು, ಪ್ರತಿ ಜಾತಿಗೂ ಬೇರೆ ಪುಟ ಬೇಡ. ಈಗಾಗಲೇ ನೋಂದಾಯಿಸಿದವರಿಗೆ ಒಂದು ವರ್ಷದ ಅವಕಾಶ ಕೊಡಬಹುದು. ಆದರೆ ಹಾವು ಒಬ್ಬರಿಂದ ಇನ್ನೊಬ್ಬರ ಕೈಗೆ ಹೋಗುವಾಗ ವರದಿ ಮಾಡುವುದು ಈಗಾಗಲೇ ಕಡ್ಡಾಯವಿದೆ. ಪಡೆಯುವವರ ಗೂಡಿನ ವಿವರವಿಲ್ಲದ ಹಸ್ತಾಂತರದ ಅರ್ಜಿಯನ್ನು ತಿರಸ್ಕರಿಸುವ ಒಂದು ಸಾಲಿನ ತಿದ್ದುಪಡಿಗೆ ಸಚಿವಾಲಯ ವರ್ಷಗಟ್ಟಲೆ ಕಾಯಬೇಕಿಲ್ಲ. ಅದು ಈ ವರ್ಷವೇ ಬರಲಿ.